ನಾಡಿ ಎಣಿಸಿದ ಚಳಿಗಾಲ

ಕಳೆದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ರಾಯಚೂರಿಗೆ ಹೋಗಿದ್ದೆ. ತೀನ್ ಕಂದೀಲ್ ವೃತ್ತದ ಹತ್ತಿರ ಒಂದು ಎಣ್ಣೆ ಅಂಗಡಿಯ ಮುಂದೆ ಹಾಯುವಾಗ ಅಂಗಡಿಯವನು ಕುಸುಬಿ ಎಣ್ಣೆಯ ಹೊಸ ಡಬ್ಬಿಯ ಮುಚ್ಚಳ ಕಿತ್ತ. ವಾಸನೆ ಬಂದ ಕೂಡಲೇ ನಕ್ಕುಬಿಟ್ಟೆ. ಬಾಯಿಗೆ ಸೆರಗು ಹಿಡಿಯುವಷ್ಟರಲ್ಲಿ ಅವನು ನೋಡಿಬಿಟ್ಟಿದ್ದ.

"ಯಾಕ್ರೀ ಅಕ್ಕೋರೆ, ಎಣ್ಣಿ ಛಲೋ ಇಲ್ಲೇನು?"

"ಛಲೋ ಅದ" ಎಂದು ಹೇಳಿ, ಬೇಡವಾಗಿದ್ದರೂ ಅರ್ಧ ಕಿಲೋ ಕೊಂಡೆ. ಕುಸುಬಿ ಎಣ್ಣೆಯಿಂದ ಒಬ್ಬಳ ಹೃದಯ ನೋಡಿದ್ದೆವು ಎಂದು ಅವನಿಗೆ ಹೇಳುವುದು ಹೇಗೆ?

ಮೂರು ವರ್ಷದ ಹಿಂದಿನ ಮಾತು. ಎಂಬತ್ತರ ದಶಕ ಅರ್ಧ ದಾಟಿತ್ತು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ರಾಯಚೂರಿನಲ್ಲಿ ಹೃದಯದ ಒಂದು ಅಧ್ಯಯನ ನಡೆಯಲಿದೆ, ಹಳ್ಳಿಗಳಲ್ಲಿ ನಾಡಿ ಎಣಿಸಿ ಬರೆದಿಡಲು ಒಬ್ಬ ಸಹಾಯಕಿ ಬೇಕು, ದೀಪಾವಳಿಯಿಂದ ಯುಗಾದಿಯವರೆಗೆ ಕೆಲಸ ಎಂದು ನನ್ನ ಪ್ರಾಧ್ಯಾಪಕರು ಕಾಗದ ಬರೆದರು. ಬಿಸಿಲಿನ ಊರು ಎಂದು ಅಮ್ಮ ಬೇಡವೆಂದಳು. ಚಳಿಗಾಲದಲ್ಲಿ ಅಲ್ಲಿಯೂ ಚಳಿಯೇ ಇರುತ್ತದೆ ಎಂದು ಹೇಳಿ ಹೊರಟೆ. ಅದು ನಿಜವೋ ಅಲ್ಲವೋ ಆಗ ನನಗೂ ಗೊತ್ತಿರಲಿಲ್ಲ.

ಅಧ್ಯಯನ ನಡೆಸುತ್ತಿದ್ದವರು ಮೈಸೂರು ಕಡೆಯ ಹೃದ್ರೋಗದ ವೈದ್ಯರು. ಎಲ್ಲರೂ ಅವರನ್ನು ಡಾಕ್ಟರ್ ಸಾಹೇಬರು ಎನ್ನುತ್ತಿದ್ದರು. ಮೈ ದುಡಿಯುವಾಗ ಹೃದಯ ಓಡಬೇಕು, ಕೂತಾಗ ನಿಧಾನವಾಗಬೇಕು. ಕೆಲವರಲ್ಲಿ ಅದು ಓಡಬೇಕಾದಾಗ ಓಡುವುದಿಲ್ಲ, ಕೆಲವರಲ್ಲಿ ಓಡಿದ್ದು ಬೇಗ ನಿಲ್ಲುವುದಿಲ್ಲ. ಅಂಥವರ ಹೃದಯವನ್ನು ದುಡಿಮೆಯ ಮೊದಲು ಒಮ್ಮೆ, ದುಡಿಮೆ ಮುಗಿದ ಕೂಡಲೇ ಒಮ್ಮೆ ಚಿತ್ರದಲ್ಲಿ ನೋಡಿದರೆ ಕಾರಣ ಕಾಣುತ್ತದೆಯೇ ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ಹೈದರಾಬಾದಿನಿಂದ ಎರವಲು ತಂದ ಯಂತ್ರವೊಂದನ್ನು ರಾಯಚೂರಿನಲ್ಲಿ ಒಂದು ಕೋಣೆಯಲ್ಲಿ ಇಟ್ಟಿದ್ದರು. ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶಬ್ದವನ್ನು ಎದೆಯೊಳಗೆ ಕಳಿಸಿ, ತಿರುಗಿ ಬಂದ ಮಾರ್ದನಿಯಿಂದ ಅದು ಹೃದಯದ ಚಿತ್ರ ಬಿಡಿಸುತ್ತಿತ್ತು. ಆ ವರ್ಷಗಳಲ್ಲೇ ಊರಿಗೆ ಟೀವಿ ಬಂದಿತ್ತು. ಜನ ಇದಕ್ಕೆ ಎದಿ ಟೀವಿ ಎಂದು ಹೆಸರಿಟ್ಟರು.

ನನ್ನ ಪಾಲಿಗೆ ಬಂದದ್ದು ಟೀವಿಯಲ್ಲ, ಒಂದು ಮಣೆ. ಎರಡು ಮೆಟ್ಟಿಲಿನ ಸಾಗವಾನಿ ಮಣೆ. ಅದನ್ನು ಜೀಪಿನಲ್ಲಿ ಹೇರಿಕೊಂಡು ಊರೂರಿಗೆ ಹೋಗುವುದು, ಬಂದವರನ್ನು ಕೂರಿಸಿ ನಾಡಿ ಎಣಿಸುವುದು, ಮೂರು ನಿಮಿಷ ಆ ಮೆಟ್ಟಿಲು ಹತ್ತಿಸಿ ಇಳಿಸಿ ಮತ್ತೆ ಎಣಿಸುವುದು. ಯಾರ ನಾಡಿ ಹೇಳಿದಂತೆ ಕೇಳುವುದಿಲ್ಲವೋ ಅವರ ಹೆಸರು ರಾಯಚೂರಿನ ಕೋಣೆಗೆ. ಚಂದ್ರಬಂಡದಲ್ಲಿ ಎರಡು ದಿನ ಮಾಡಿದೆವು, ತೊಂದರೆಯಾಗಲಿಲ್ಲ. ದೇವದುರ್ಗದಲ್ಲಿ ಮಣೆಯೇ ನಮ್ಮನ್ನು ಸೋಲಿಸಿತು.

ಸಾಲಿನಲ್ಲಿ ಮೊದಲು ನಿಂತ ಮುದುಕಿ ಮಣೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹಿಂದೆ ಸರಿದಳು. "ಹೊಸಾ ಮಣಿ. ಅರಿಶಿಣ ಕುಂಕುಮ ಇಲ್ಲದ ಕಾಲು ಹೆಂಗ ಇಡ್ಲಿ?" ಎಂದಳು. ಅವಳ ಹಿಂದಿನವರೆಲ್ಲ ಹೌದೆಂದರು. ನಾನು ಯೋಚಿಸಿ, ಮರುದಿನ ಬೆಳಿಗ್ಗೆ ಮಣೆಗೆ ನೀಟಾಗಿ ಅರಿಶಿಣ ಹಚ್ಚಿ, ನಾಲ್ಕು ಮೂಲೆಗೆ ಕುಂಕುಮವಿಟ್ಟು ತಂದೆ. ಮುದುಕಿ ನೋಡಿದಳು, ಮೆಚ್ಚಿದಳು, ಮತ್ತೆ ಕೈಮುಗಿದಳು.

"ಹತ್ತು ಯವ್ವಾ" ಎಂದೆ.

"ಈಗ ಹೆಂಗ ಹತ್ತಲಿ ಬೇ? ಪೂಜಿ ಆಗ್ಯದ. ಪೂಜಿ ಆದ ಮಣಿ ತುಳಿಯೋದಾ? ಓದಿದಾಕಿ ನೀನು."

ಕೊನೆಗೆ ಮಣೆ ತೊಳೆದು, ಮೇಲೊಂದು ಗೋಣಿಚೀಲ ಹಾಸಿದೆವು. ಗೋಣಿ ತುಳಿಯಲು ಯಾರದೂ ತಕರಾರು ಇರಲಿಲ್ಲ. ಡಾಕ್ಟರ್ ಸಾಹೇಬರಿಗೆ ಕಳಿಸುವ ವರದಿಯಲ್ಲಿ "ಮಣೆಯ ಮೇಲ್ಮೈಯಲ್ಲಿ ಸಣ್ಣ ಬದಲಾವಣೆ" ಎಂದು ಬರೆದೆ.

ದೇವದುರ್ಗದ ಆ ದಿನಗಳಲ್ಲಿ ಜೋಳ ಹಾಲುಗಟ್ಟಿತ್ತು. ಮಧ್ಯಾಹ್ನ ಕೆಲಸ ನಿಂತಾಗ ಹೊಲದವರು ಸೀತನಿ ಸುಟ್ಟು, ತೆನೆ ಉಜ್ಜಿ, ಬಿಸಿ ಕಾಳನ್ನು ನಮ್ಮ ಅಂಗೈಗೆ ಸುರಿಯುತ್ತಿದ್ದರು. ಬೆರಳಿಗೆಲ್ಲ ಮಸಿ. ನನ್ನ ಆ ತಿಂಗಳ ಫಾರಂಗಳ ಮೇಲೆ ಇವತ್ತಿಗೂ ಕಪ್ಪು ಬೆರಳಚ್ಚುಗಳಿರಬೇಕು.

ಸಂಕ್ರಾಂತಿಗೆ ಮೊದಲು ಮಾನ್ವಿಗೆ ಬಂದೆವು. ಕಲ್ಮಲ ದಾಟಿ ಮುಂದೆ ಹೋದಂತೆ ಕಪ್ಪು ಎರೆಯ ಹೊಲ ಮುಗಿದು ಕಾಲುವೆಯ ನೀರು, ಭತ್ತ ಶುರುವಾಗುತ್ತದೆ. ಒಬ್ಬ ಅಕ್ಕಿ ಗಿರಣಿ ಮಾಲಿಕರು ತಮ್ಮ ಭತ್ತ ಒಣಗಿಸುವ ಕಣದ ಒಂದು ಮೂಲೆಯನ್ನು ನಮಗೆ ಬಿಟ್ಟುಕೊಟ್ಟರು. ಕುದಿಸಿದ ಭತ್ತದ ಹಬೆ ಬೆಳಗಿನ ಚಳಿಯಲ್ಲಿ ನೆಲದ ಮೇಲೆಯೇ ಹರಿದಾಡುತ್ತಿತ್ತು. ಅಲ್ಲಿಯೇ ಶಾಂತಮ್ಮನನ್ನು ಕಂಡದ್ದು.

ಅವಳಿಗೆ ಇಪ್ಪತ್ತೊಂದು. ಗಂಡ ಅದೇ ಗಿರಣಿಯಲ್ಲಿ ಹಮಾಲಿ, ಅತ್ತೆ ಹುಲಿಗೆಮ್ಮ ಕಣದಲ್ಲಿ ಕಾಲಿನಿಂದ ಭತ್ತ ಹರವುವವಳು. ಏಳನೆಯ ಇಯತ್ತೆಗೆ ಬಿಡಿಸಿ ಮದುವೆ ಮಾಡಿಕೊಟ್ಟಿದ್ದ ಸೊಸೆಯನ್ನು ಈ ಅತ್ತೆ ಮತ್ತೆ ಶಾಲೆಗೆ ಕಳಿಸಿ ಮ್ಯಾಟ್ರಿಕ್ ಪಾಸು ಮಾಡಿಸಿದ್ದಳು. ಅವರ ಕೇರಿಯಲ್ಲಿ ಮ್ಯಾಟ್ರಿಕ್ ಆದ ಮೊದಲ ಹೆಣ್ಣು ಶಾಂತಮ್ಮ. ಸರಕಾರಿ ನರ್ಸ್ ತರಬೇತಿಗೆ ಅವಳ ಹೆಸರು ಬಂದಿತ್ತು. ಮೈಯಲ್ಲಿ ರೋಗವಿಲ್ಲ ಎಂದು ತಾಲೂಕಿನ ವೈದ್ಯಾಧಿಕಾರಿ ಸಹಿ ಮಾಡಿದ ಪ್ರಮಾಣಪತ್ರವೊಂದು ಬಾಕಿ. ಇಷ್ಟನ್ನೂ ಹುಲಿಗೆಮ್ಮ ಮೊದಲ ದಿನವೇ, ಭತ್ತ ಹರವುತ್ತಲೇ, ಕಣದ ಆ ತುದಿಯಿಂದ ಈ ತುದಿಗೆ ಕೇಳುವಂತೆ ನನಗೆ ಹೇಳಿದ್ದಳು.

ಶಾಂತಮ್ಮ ನಮ್ಮಲ್ಲಿಗೆ ಬಂದದ್ದು ನಾಡಿ ತೋರಿಸಲು ಅಲ್ಲ, ಫಾರಂ ಬರೆದುಕೊಡಲು. ಅವಳ ಅಕ್ಷರ ನನ್ನದಕ್ಕಿಂತ ದುಂಡಗಿತ್ತು. ಹೆಂಗಸರು ಮೆಟ್ಟಿಲು ಹತ್ತಲು ನಾಚಿ ನಿಂತಾಗ ಉಪಾಯ ತೆಗೆದವಳೂ ಅವಳೇ. ಮೆಟ್ಟಿಲು ಹತ್ತುವ ಗತಿಗೆ ನನ್ನ ಬಳಿ ಟಕ್ ಟಕ್ ಎನ್ನುವ ಒಂದು ಡಬ್ಬಿ ಇತ್ತು. ಅದರ ಸದ್ದಿಗೆ ಅವರ ಕಾಲು ಹೊಂದುತ್ತಿರಲಿಲ್ಲ. "ಅದನ್ನ ಬಂದ್ ಮಾಡ್ರಿ ಅಕ್ಕೋರೆ" ಎಂದವಳು ಬೀಸುವ ಪದ ಎತ್ತಿಕೊಂಡಳು. ಉಳಿದವರು ದನಿಗೂಡಿಸಿದರು. ಗಡಿಯಾರ ಹಿಡಿದು ನೋಡಿದೆ. ಪದದ ಗತಿ ಡಬ್ಬಿಯ ಗತಿಗಿಂತ ಒಂದು ಹೆಜ್ಜೆಯೂ ಹೆಚ್ಚುಕಡಿಮೆ ಇರಲಿಲ್ಲ. ಆಮೇಲೆ ಆ ಡಬ್ಬಿಯನ್ನು ನಾನು ಹೊರಗೇ ತೆಗೆಯಲಿಲ್ಲ.

ಧೈರ್ಯ ತುಂಬಲೆಂದು ಮೊದಲು ತಾನೇ ಹತ್ತಿದಳು. ನಗುತ್ತ, ಹಾಡುತ್ತ ಮೂರು ನಿಮಿಷ ಹತ್ತಿ ಇಳಿದು ಕೈ ಚಾಚಿದಳು. ಎಣಿಸಿದೆ. ಕೂತಾಗ ಐವತ್ತೆಂಟು ಇತ್ತು, ಈಗ ಎಪ್ಪತ್ತು. ಅವಳ ವಯಸ್ಸಿಗೆ ನೂರು ದಾಟಬೇಕು. ಇನ್ನೊಮ್ಮೆ ಹತ್ತಿಸಿದೆ. ಎಪ್ಪತ್ತೆರಡು.

"ಎಷ್ಟು ಬಂತ್ರಿ?" ಎಂದಳು.

ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಮ್ಮ ಕೆಲಸ ನೋಡುತ್ತಿದ್ದ ವೈದ್ಯಾಧಿಕಾರಿಗೆ. ಅವರು ಒಳ್ಳೆಯವರು. ಅವಳನ್ನು ಕರೆದು ಮೆತ್ತಗೆ ಹೇಳಿದರು: "ನೋಡಮ್ಮಾ, ಇದನ್ನ ಕಂಡಮ್ಯಾಲೆ ನಾ ಸಹಿ ಮಾಡಾಕ ಬರಂಗಿಲ್ಲ. ಎದಿ ಚಿತ್ರ ತೆಗಿಸಿಕೊಂಡು, ಏನೂ ದೋಷ ಇಲ್ಲ ಅಂತ ರಾಯಚೂರಿಂದ ಬರಸಿಕೊಂಡು ಬಾ. ಆ ಕ್ಷಣಕ್ಕ ಸಹಿ ಮಾಡ್ತೀನಿ." ತರಬೇತಿಗೆ ಸೇರುವವರ ಯಾದಿ ಮುಗಿಯಲು ಇಪ್ಪತ್ತೇ ದಿನ ಇತ್ತು.

ಸಂಜೆ ಫಾರಂ ಕಟ್ಟುವಾಗ ಶಾಂತಮ್ಮ ಬಂದು ನಿಂತಳು. "ಅದನ್ನ ಬರೀಲೇಬೇಕಿತ್ತೇನ್ರಿ ಅಕ್ಕೋರೆ?"

"ಬಂದದ್ದು ಬರೀಬೇಕು" ಎಂದೆ.

"ಹೂಂ. ನಾನಾದ್ರೂ ಹಂಗೇ ಬರೀತಿದ್ದೆ" ಎಂದು ಉಳಿದ ಫಾರಂಗಳನ್ನು ಹೊಂದಿಸಿಕೊಟ್ಟಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಬರಿಯ ಫಾರಂ ಬರೆದು ಎದ್ದು ಹೋಗಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಮಣೆ ಹತ್ತು ಎಂದು ಮೊದಲು ಹೇಳಿದವಳು ನಾನಲ್ಲ, ಆದರೆ ಎಣಿಸಿದವಳು ನಾನು.

ನಾಲ್ಕನೆಯ ದಿನ ಅತ್ತೆ ಸೊಸೆ ಇಬ್ಬರೂ ಮೊದಲ ಬಸ್ಸಿಗೆ ರಾಯಚೂರಿಗೆ ಬಂದರು. ಅವತ್ತು ನೋಡಿದರೆ ಎದೆಗೆ ಹಚ್ಚುವ ಲೋಳೆ ಮುಗಿದಿತ್ತು. ಅದಿಲ್ಲದೆ ಶಬ್ದ ಚರ್ಮ ದಾಟುವುದಿಲ್ಲ, ಚಿತ್ರ ಮೂಡುವುದಿಲ್ಲ. ಹೈದರಾಬಾದಿನ ಪಾರ್ಸಲ್ಲು ಮಟಮಾರಿ ಸ್ಟೇಷನ್ನಿಗೆ ಹೋಗಿಬಿಟ್ಟಿದೆ ಎಂದು ಒಬ್ಬರು, ಬಂದೇ ಇಲ್ಲ ಎಂದು ಒಬ್ಬರು. ಡಾಕ್ಟರ್ ಸಾಹೇಬರು, "ಇನ್ನೊಂದು ದಿನ ಬರೋಕಾಗುತ್ತಾ?" ಎಂದು ಕೇಳಿದರು.

"ಲೋಳಿ ಅಂದ್ರ ಎಂಥಾದ್ರಿ?" ಎಂದಳು ಹುಲಿಗೆಮ್ಮ.

"ಜಾರೋ ಅಂಥದ್ದು. ಎಣ್ಣೆಯ ಹಾಗೆ."

ಹುಲಿಗೆಮ್ಮ ತನ್ನ ಗಂಟು ಬಿಚ್ಚಿ ಒಂದು ಬಾಟಲಿ ತೆಗೆದಳು. ರಾಯಚೂರಿನಲ್ಲಿದ್ದ ತಂಗಿಗೆಂದು ತಂದ ಕುಸುಬಿ ಎಣ್ಣೆ. ಡಾಕ್ಟರ್ ಸಾಹೇಬರು ಬಾಟಲಿ ನೋಡಿದರು, ನನ್ನನ್ನು ನೋಡಿದರು, ನೋಡೋಣ ಎಂದರು. ಶಾಂತಮ್ಮನನ್ನು ಎಡಮಗ್ಗುಲಾಗಿ ಮಲಗಿಸಿ ಎಣ್ಣೆ ಹಚ್ಚಿದೆ. ಪರದೆಯ ಮೇಲೆ ಮಂಜು ಕದಡಿದಂತಾಗಿ ಚಿತ್ರ ನಿಂತಿತು. ಲೋಳೆಯಲ್ಲಿ ಬರುತ್ತಿದ್ದುದಕ್ಕಿಂತ ಕಡಿಮೆಯಿರಲಿಲ್ಲ.

"ನಮ್ಮ ಹೊಲದ ಎಣ್ಣಿರಿ ಅದು. ಕಾಣಲಾರದ ಏನು ಮಾಡ್ತದ?" ಎಂದು ಹುಲಿಗೆಮ್ಮ ಪರದೆಯ ಹತ್ತಿರ ಬಂದು ಬಗ್ಗಿದಳು. "ಅಲ್ಲಿ ಪಟಪಟ ಬಡಕೊಳ್ಳಾಕತ್ತದಲ್ಲ, ಏನದು?"

"ಬಾಗಿಲು, ಯವ್ವಾ. ಹೃದಯದ ಒಳಗಿನ ಬಾಗಿಲು."

"ಯಾರು ಬರಾಕತ್ತಾರ?"

"ರಕ್ತ."

"ಬರ್ಲಿ, ಬರ್ಲಿ. ಬಾಗಿಲು ಛಲೋ ಅದ ಇಲ್ಲೋ ಅದನ್ನ ಹೇಳ್ರಿ."

ಬಾಗಿಲು ಚೆನ್ನಾಗಿತ್ತು. ಗೋಡೆಗಳೂ ಗಟ್ಟಿ. ಆದರೆ ಮೆಟ್ಟಿಲು ಹತ್ತಿಸಿ ಮತ್ತೆ ಮಲಗಿಸಿದಾಗ ಅದೇ ಬಾಗಿಲು ಅದೇ ಸಾವಕಾಶದಲ್ಲಿ ತೆರೆದು ಮುಚ್ಚುತ್ತಿತ್ತು. ಡಾಕ್ಟರ್ ಸಾಹೇಬರು ಇ.ಸಿ.ಜಿ. ಪಟ್ಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಚಿತ್ರದಲ್ಲಿ ಏನೂ ತಪ್ಪಿಲ್ಲ. ಆದರೂ ಓಡಬೇಕಾದಾಗ ಓಡ್ತಾ ಇಲ್ಲ. ಬಡಿತ ಹುಟ್ಟೋ ಜಾಗದಲ್ಲೇ ಏನಾದರೂ ಇರಬಹುದು. ಹೈದರಾಬಾದಿಗೆ ಕಳಿಸಿ ನೋಡಬೇಕು" ಎಂದರು. ಹೈದರಾಬಾದಿನಲ್ಲಿ ಸರದಿ ಬರಲು ಎರಡು ತಿಂಗಳು. "ದೋಷವಿಲ್ಲ ಅಂತ ಈಗ ಬರೆದುಕೊಡೋಕೆ ನನಗೆ ಧೈರ್ಯ ಇಲ್ಲಮ್ಮ."

ಶಾಂತಮ್ಮ ಎದೆಯ ಎಣ್ಣೆ ಒರೆಸಿಕೊಂಡು ಎದ್ದು ಕೂತಳು. ಹುಲಿಗೆಮ್ಮ ಉಳಿದ ಎಣ್ಣೆಯ ಬಾಟಲಿಗೆ ಬಿರಡೆ ಹಾಕಿ ಮೇಜಿನ ಮೇಲೆ ಇಟ್ಟಳು. "ಇರ್ಲಿ ಬಿಡ್ರಿ, ಮತ್ಯಾರಿಗಾದ್ರೂ ಬೇಕಾಗ್ತದ" ಎಂದಳು.

ಶಾಂತಮ್ಮ ಹೈದರಾಬಾದಿನಲ್ಲಿ ತೋರಿಸಬೇಕಾದ ಪತ್ರ ಸಿದ್ಧವಾಗಲು ಎರಡು ದಿನ ಹಿಡಿಯಿತು. ಅಂಚೆಗೆ ಹಾಕಬಹುದಿತ್ತು. ನಾನೇ ಕೊಟ್ಟು ಬರುತ್ತೇನೆ ಎಂದು ಮಾನ್ವಿಯ ಬಸ್ಸು ಹತ್ತಿದೆ. ಅವರ ಮನೆ ಒಂದೇ ಕೋಣೆ, ಸುಣ್ಣ ಬಳಿದ ಗೋಡೆ, ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮೊಳೆಗೆ ಸಿಕ್ಕಿಸಿದ ಶಾಂತಮ್ಮನ ಮ್ಯಾಟ್ರಿಕ್ ಅಂಕಪಟ್ಟಿ. ಪತ್ರ ಕೊಟ್ಟು ಎದ್ದೇಳಲು ಹುಲಿಗೆಮ್ಮ ಬಿಡಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೊಂದಿಷ್ಟು ಶೇಂಗಾ ಹಿಂಡಿ. ಒಂದು ರೊಟ್ಟಿ ಸಾಕೆಂದರೆ ಅದನ್ನೂ ಮುರಿದು ಅರ್ಧ ತಾನು ತೆಗೆದುಕೊಂಡು, ಇನ್ನೊಂದು ಪೂರ್ತಿ ರೊಟ್ಟಿ ಹಾಕಿದಳು. ಒಬ್ಬರೇ ಉಣ್ಣುವುದು ಅವಳಿಗೆ ಸೇರುತ್ತಿರಲಿಲ್ಲ.

ಊಟವಾದ ಮೇಲೆ ಅವಳು ಗೂಡಿನಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಒಳಗಿಂದ ಒಂದು ಗುಳಿಗೆ ಆರಿಸಿ, ಈಳಿಗೆಯ ಮೇಲಿಟ್ಟು ಕಟಕ್ಕೆಂದು ಎರಡು ಹೋಳು ಮಾಡಿದಳು. ಒಂದನ್ನು ಸೊಸೆಯ ಕೈಗೆ ಕೊಟ್ಟಳು, ಒಂದನ್ನು ತಾನು ಹಿಡಿದಳು. ಆಮೇಲೆ ಮನೆಗೆ ಬಂದವಳನ್ನು ಮರೆತೆ ಎಂಬಂತೆ ನನ್ನ ಕಡೆ ತಿರುಗಿದಳು.

"ನಿಮಗೂ ಒಂದು ಚೂರು ಕೊಡ್ಲೇನ್ರಿ ಅಕ್ಕೋರೆ? ಎದಿಗೆ ಛಲೋ."

ನಾನು ಕೈ ಚಾಚಿದೆ. ತಿನ್ನಲಿಕ್ಕಲ್ಲ. ಗುಳಿಗೆ ಸುತ್ತಿದ್ದ ಕಾಗದ ಓದಿದೆ. ಹೆಸರು ಗೊತ್ತಿತ್ತು. ಎದೆಬಡಿತ ಹೆಚ್ಚಾಗಿ ಕೈ ನಡುಗುವವರಿಗೆ, ಬಡಿತ ತಗ್ಗಿಸಲು ಕೊಡುವ ಗುಳಿಗೆ. ಅದನ್ನು ನುಂಗಿದವರ ಹೃದಯ ಮೆಟ್ಟಿಲು ಹತ್ತಿದರೂ ಓಡುವುದಿಲ್ಲ. ಅದನ್ನು ನುಂಗುವವರನ್ನು ಅಧ್ಯಯನಕ್ಕೆ ತೆಗೆದುಕೊಳ್ಳಬಾರದು ಎಂದು ನಮ್ಮ ನಿಯಮದ ಹಾಳೆಯಲ್ಲೇ ಬರೆದಿತ್ತು.

"ಇದು ಯಾರದು?" ಎಂದೆ.

"ನಂದು" ಎಂದಳು ಹುಲಿಗೆಮ್ಮ. "ಹೋದ ವರ್ಷ ಎದಿ ಡವಡವ ಅಂತಿತ್ತು, ಕೈ ನಡುಗತಿತ್ತು. ಡಾಕ್ಟರು ಮುಂಜಾನಿ ಒಂದು, ಮಧ್ಯಾಹ್ನ ಒಂದು ಅಂದ್ರು. ಒಬ್ಬಾಕಿ ತಿಂದದ್ದು ಮೈಗೆ ಹತ್ತಂಗಿಲ್ಲರಿ. ಈಕೀಗೂ ಅರ್ಧ ಕೊಡ್ತೀನಿ. ಇಬ್ಬರೂ ಆರಾಮ ಅದೀವಿ."

ಶಾಂತಮ್ಮ ತಲೆ ತಗ್ಗಿಸಿದ್ದಳು. "ಬ್ಯಾರೆಯವರ ಔಷಧ ನುಂಗಬಾರದು ಅಂತ ಪುಸ್ತಕದಾಗ ಓದೀನಿ ಅಕ್ಕೋರೆ. ನಾ ನುಂಗದಿದ್ರ ಈಕಿ ನುಂಗಂಗಿಲ್ಲ ಅಂತಾಳ. ಎದಿಗೆ ಛಲೋದು, ಅರ್ಧದಿಂದ ಏನಾಗ್ತದ ಅಂದ್ಕೊಂಡೆ."

"ಫಾರಂ ತುಂಬುವಾಗ ಯಾಕ ಹೇಳಲಿಲ್ಲ?"

"ಡಾಕ್ಟರು ನಿಮಗ ಯಾವುದಾದ್ರೂ ಔಷಧ ಬರೆದುಕೊಟ್ಟಾರೇನು ಅಂತ ಕೇಳಿದ್ರಿ. ನನಗ ಬರದುಕೊಟ್ಟಿಲ್ಲಲ್ರಿ."

ಆ ಪ್ರಶ್ನೆ ಬರೆದವಳು ನಾನು. ಮೂರು ಸಲ ತಿದ್ದಿ ಬರೆದಿದ್ದೆ. ಏನು ನುಂಗುತ್ತೀರಿ ಎಂದು ಕೇಳಬೇಕಿತ್ತು. ಇಡೀ ಚಳಿಗಾಲ ಜನರಿಗೆ ಏನು ಬರೆದುಕೊಟ್ಟಿದ್ದಾರೆ ಎಂದು ಕೇಳುತ್ತ ಊರೂರು ತಿರುಗಿದ್ದೆ. ಅಲ್ಲಿಯೇ, ಅವರ ಹೊಸ್ತಿಲ ಮೇಲೆ ಕೂತು ನಗಲು ಶುರುಮಾಡಿದೆ. ಏಕೆಂದು ತಿಳಿಯದೆ ಮೊದಲು ಹುಲಿಗೆಮ್ಮ ನಕ್ಕಳು, ವಿಷಯ ತಿಳಿದ ಮೇಲೆ ಶಾಂತಮ್ಮ. ಅವಳ ನಗುವಿನ ಜೊತೆ ಕಣ್ಣೀರೂ ಬಂತು.

ಮೂರು ಗಂಟೆಯ ಬಸ್ಸು ಹಿಡಿದು ರಾಯಚೂರಿಗೆ ಬಂದು ಡಾಕ್ಟರ್ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅತ್ತೆ ಸೊಸೆ ಜಗಳ ಆಡೋ ಮನೆಯಾಗಿದ್ದರೆ ಈ ತೊಂದರೆಯೇ ಇರ್ತಿರಲಿಲ್ಲ" ಎಂದರು. ಸೊಸೆಗೆ ಇಂದಿನಿಂದಲೇ ಗುಳಿಗೆ ಬೇಡ, ವಾರ ಬಿಟ್ಟು ಮತ್ತೆ ನೋಡೋಣ. ಅತ್ತೆಗೆ ವರ್ಷವಿಡೀ ಅರ್ಧದಲ್ಲೇ ಆರಾಮವಾಗಿದ್ದರೆ ಅರ್ಧವೇ ಸಾಕು, ಆದರೆ ಬಿಡಬಾರದು. ಈ ಅಪ್ಪಣೆ ಹೊತ್ತು ಮರುದಿನ ಮತ್ತೆ ಮಾನ್ವಿಗೆ ಹೋದೆ.

ಒಬ್ಬಳೇ ನುಂಗಬೇಕು ಎಂದ ಕೂಡಲೇ ಹುಲಿಗೆಮ್ಮ ಗುಳಿಗೆಯನ್ನು ಗೂಡಿಗೆ ತಿರುಗಿ ಇಟ್ಟಳು. "ಹಂಗಾದ್ರ ನನಗೂ ಬ್ಯಾಡ."

ನಾನು ವಿವರಿಸಿದೆ. ಚಿತ್ರ ಬಿಡಿಸಿ ತೋರಿಸಿದೆ. ಅವಳು ಎಲ್ಲವನ್ನೂ ಕೇಳಿ, "ಖರೆ ಅದರಿ, ಆದ್ರ ನನಗ ಬ್ಯಾಡ" ಎಂದಳು.

ಶಾಂತಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ಅತ್ತಿ, ನೀ ದಿನಾ ನುಂಗಲಿಲ್ಲಂದ್ರ ನಾ ಟ್ರೇನಿಂಗಿಗೆ ಹೋಗಂಗಿಲ್ಲ. ಕಣಕ್ಕ ಬಂದು ನಿನ್ನ ಜೋಡಿ ಭತ್ತಾ ಹರವತೀನಿ. ಆ ಅಂಕಪಟ್ಟಿ ಒಲಿಗೆ ಹಾಕು."

ಹುಲಿಗೆಮ್ಮ ಸೊಸೆಯ ಮುಖ ನೋಡಿದಳು. ಗೂಡಿಗೆ ಕೈ ಹಾಕಿ ಅರ್ಧ ಗುಳಿಗೆ ತೆಗೆದು, ನೀರೂ ಇಲ್ಲದೆ ನುಂಗಿದಳು. "ಭಾಳ ಮಾತು ಕಲಿಸಿಬಿಟ್ಟೆ ನಿನಗ" ಎಂದಳು.

ಎಂಟು ದಿನಕ್ಕೆ ಇಬ್ಬರೂ ಮತ್ತೆ ಬಂದರು. ಯಾದಿ ಮುಗಿಯಲು ನಾಲ್ಕು ದಿನ ಉಳಿದಿತ್ತು. ಲೋಳೆಯ ಪಾರ್ಸಲ್ಲು ಬಂದಿದ್ದರೂ ಡಾಕ್ಟರ್ ಸಾಹೇಬರು ಎಣ್ಣೆಯ ಬಾಟಲಿಯನ್ನೇ ಕೇಳಿದರು. ಕೂತಾಗಿನ ನಾಡಿ ಎಪ್ಪತ್ತಾರು. ಶಾಂತಮ್ಮ ಮಣೆ ಹತ್ತಿದಳು. ಈ ಸಲ ಪದ ಹೇಳುವ ಉಸಿರು ಅವಳಿಗಿರಲಿಲ್ಲ, ಬಾಗಿಲಲ್ಲಿ ನಿಂತು ಹುಲಿಗೆಮ್ಮ ಹೇಳಿದಳು. ಮೂರು ನಿಮಿಷ. ನೆಗೆದು ಬಂದು ಮಲಗಿದಳು. ಪರದೆಯ ಮೇಲೆ ಆ ಬಾಗಿಲುಗಳು ಎಣಿಸಲಾಗದಷ್ಟು ಬೇಗ ತೆರೆದು ಮುಚ್ಚುತ್ತಿದ್ದವು, ಗೋಡೆಗಳು ಒಂದನ್ನೊಂದು ಮುಟ್ಟುವಂತೆ ಮುದುಡಿ ಅರಳುತ್ತಿದ್ದವು. ನಾಡಿ ನೂರಿಪ್ಪತ್ತು ದಾಟಿತ್ತು. ಐದು ನಿಮಿಷಕ್ಕೆ ತಾನಾಗಿಯೇ ಇಳಿಯಿತು.

"ಓಡಾಕತ್ತದೇನ್ರಿ?" ಎಂದಳು ಹುಲಿಗೆಮ್ಮ.

"ಓಡ್ತಾ ಇದೆ ತಾಯಿ" ಎಂದರು ಡಾಕ್ಟರ್ ಸಾಹೇಬರು. "ಚೆನ್ನಾಗಿ ಓಡ್ತಾ ಇದೆ." ಅಲ್ಲೇ ನಿಂತು, ಹೃದಯದಲ್ಲಿ ಯಾವ ದೋಷವೂ ಇಲ್ಲ ಎಂದು ವೈದ್ಯಾಧಿಕಾರಿಗೆ ಪತ್ರ ಬರೆದರು. ನಾನು ಹಳೆಯ ಫಾರಂ ತೆಗೆದು ಔಷಧದ ಸಾಲಿನ ಮುಂದೆ ಆದ ತಪ್ಪನ್ನು ಬರೆದೆ, ಕೆಳಗೆ ನನ್ನ ಹೆಸರು ಹಾಕಿದೆ.

ಶಾಂತಮ್ಮ ಪತ್ರವನ್ನು ಎರಡು ಸಲ ಓದಿ ಮಡಚಿ ಅತ್ತೆಗೆ ಕೊಟ್ಟಳು. ಆಮೇಲೆ ನನ್ನ ಮುಂದೆ ಬಂದು, "ಅಕ್ಕೋರೆ, ಗಡಿಯಾರ ಬಿಚ್ಚಿ ಕೊಡ್ರಿ. ಟ್ರೇನಿಂಗಿನಾಗ ಮೊದಲು ನಾಡಿ ಹಿಡಿಯೋದ ಕಲಸ್ತಾರಂತ" ಎಂದಳು. ಗಡಿಯಾರ ಕೊಟ್ಟೆ. ನನ್ನ ಮಣಿಕಟ್ಟು ಹಿಡಿದಳು. ಮೂರು ತಿಂಗಳು ನಾನು ಹಿಡಿದದ್ದೆಲ್ಲ ಬೇರೆಯವರ ಕೈ, ನನ್ನ ಕೈಯನ್ನು ಯಾರೂ ಹಿಡಿದಿರಲಿಲ್ಲ. ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವವರೆಗೆ ತುಟಿ ಅಲ್ಲಾಡಿಸುತ್ತ ಎಣಿಸಿದಳು.

"ನೂರಾ ನಾಲ್ಕು. ನೀವು ಮಣಿ ಹತ್ತಿಲ್ಲಲ್ರಿ."

"ತಪ್ಪು ಎಣಿಸಿದಿ" ಎಂದೆ. "ಇನ್ನೊಮ್ಮೆ ಎಣಿಸು."

ಅವಳು ನನ್ನ ಕೈ ಬಿಡದೆ ಇನ್ನೊಮ್ಮೆ, ನಿಧಾನವಾಗಿ, ನಾನು ಎಣಿಸುತ್ತಿದ್ದಂತೆಯೇ ಎಣಿಸಿದಳು. ನೂರಾ ಹತ್ತು ಬಂತು.